ಜಮಖಾನಿ ಝಾಡಿಸಿದವರು ಎಲ್ಲಿ ಕೂಡಬೇಕು?

ಮೊನ್ನೆ ಪಟ್ಟಣದ ಕೈಮಗ್ಗದ ಪ್ರದರ್ಶನದಲ್ಲಿ ಒಂದು ನವಲಗುಂದದ ಜಮಖಾನಿ ನೋಡಿದೆ. ಮೂಲೆಗೆ ಚೀಟಿ ಕಟ್ಟಿದ್ದರು. ನೆರಳಲ್ಲಿ ಒಣಗಿಸಿ, ಬಿಸಿನೀರು ಬೇಡ, ಹಿಂಡಬೇಡಿ, ಮಡಚದೆ ಸುತ್ತಿಡಿ. ಪಕ್ಕದ ದಿಂಬಿನ ಗವಸುಗಳಿಗೂ ಅದೇ ಉಪದೇಶ, ಒಳಮೈ ಹೊರಗೆ ಮಾಡಿ ತೊಳೆಯಬೇಕಂತೆ. ಓದಿ ನಗು ಬಂತು. ಈ ವಿದ್ಯೆ ನನಗೆ ಹತ್ತನೇ ವಯಸ್ಸಿಗೇ ಬಂದಿತ್ತು ಗೆಳೆಯರೆ. ಚೀಟಿ ಓದಿ ಅಲ್ಲ, ಬೈಸಿಕೊಂಡು.

ನಮ್ಮೂರ ಚಾವಡಿಯಲ್ಲಿ ಪುರಾಣ ಇರಲಿ, ಪಂಚಾಯ್ತಿ ಇರಲಿ, ಹಿಂದಿನ ದಿನ ನಮ್ಮ ಕೇರಿಯ ಬಾಯಿಗೆ ನಿಂತು ಕೂಗುವರು: "ಏ, ಜಮಖಾನಿ ಝಾಡಿಸಾಕ ನಾಕ್ ಹುಡುಗ್ರನ್ನ ಕಳಸ್ರಲೇ!" ಝಾಡಿಸುವುದೆಂದರೆ ಸುಮ್ಮನಲ್ಲ. ತುದಿ ಹಿಡಿದು ಒದರಿದರೆ ಅಂಚಿನ ಎಳೆ ಕಿತ್ತುಬರುತ್ತದೆ. ಹಗ್ಗದ ಮೇಲೆ ಹಾಕಿ, ಎರಡೂ ಮಗ್ಗುಲು ಹಗುರಾಗಿ ಬಡಿಯಬೇಕು. ತೊಳೆಯುವ ಮುಂಚೆ ಒದ್ದೆಯ ಬಿಳಿ ಅರಿವೆಯಿಂದ ಕೆಂಪು ಎಳೆ ಒರೆಸಿ ನೋಡಬೇಕು. ಬಣ್ಣ ಹತ್ತಿದರೆ ನೀರಿಗೆ ಹಾಕುವ ಹಾಗಿಲ್ಲ. ಹಾಕಿದ್ದಾದರೆ ಅಂಟವಾಳದ ನೊರೆ, ತಣ್ಣೀರು. ನೀರು ಕುಡಿದ ಜಮಖಾನಿ ಹೆಣದಷ್ಟು ಭಾರ. ನಾಲ್ಕು ಹುಡುಗರು ಹಳ್ಳದಿಂದ ಹೊತ್ತು ತರುವಾಗ ನೀರು ಬೆನ್ನಿಗಿಳಿದು ಚಡ್ಡಿಯೆಲ್ಲ ತೊಯ್ಯುತ್ತಿತ್ತು.

ಒಣಗಿದ ಮೇಲೆ ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ನಾವು ಅಂಟವಾಳ ಹಾಕಿ ತಿಕ್ಕಿದರೂ ಹೋಗದ ಕೊಳೆ ಆ ನಾಲ್ಕು ಹನಿಗೆ ಹೋಗುತ್ತಿತ್ತು! ಮರುದಿನ ಉಳ್ಳವರೆಲ್ಲ ಲೋಡಿಗೆ ಆತು ಅದರ ಮೇಲೆ. ನಾವು ಅಂಗಳದ ಮಣ್ಣಿನ ಮೇಲೆ. ಒಮ್ಮೆ ನನ್ನ ಮೊಣಕಾಲು ಅಂಚಿಗೆ ತಾಗಿದ್ದಕ್ಕೆ ಬಿದ್ದ ಏಟು ಇನ್ನೂ ನೆನಪಿದೆ.

ಇವರ ಮಡಿಯ ಲೆಕ್ಕ ನೋಡಿರಿ. ರೇಷ್ಮೆಗೆ ಮೈಲಿಗೆಯಿಲ್ಲ, ಉಣ್ಣೆಗೆ ಮೈಲಿಗೆಯಿಲ್ಲ. ಮಡಿಗೆ ಉಡುವ ಧಾಬಳಿ ಉಣ್ಣೆಯದೇ. ಕುರಿಯ ಮೈಯ ಕೂದಲು ಪವಿತ್ರ, ಬಡವರು ಬಿಡಿಸಿದ ಹತ್ತಿಯ ನೂಲಿಗೆ ಮಾತ್ರ ಮೈಲಿಗೆ. ಆ ಹತ್ತಿಯ ಜಮಖಾನಿಯೂ ಹೊಲಸಾದಾಗ ನಮ್ಮ ಕೈಗೆ ಬರುತ್ತದೆ, ಸ್ವಚ್ಛವಾದೊಡನೆ ನಮ್ಮ ಕೈಯೇ ಹೊಲಸಾಗುತ್ತದೆ. ಇದು ಯಾವ ಶಾಸ್ತ್ರ?

ನೇಯ್ದವರು ಯಾರು? ನವಲಗುಂದದ ಮುಸ್ಲಿಂ ಹೆಣ್ಣುಮಕ್ಕಳು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು, ಪಗಡೆಯ ಹಾಸು, ನವಿಲು ಎಳೆಯೆಳೆಯಾಗಿ ಎಬ್ಬಿಸಿ, ಪಂಜದಿಂದ ಬಡಿದು ಬಿಗಿಮಾಡುವವರು ಅವರು. ಅವರನ್ನಾದರೂ ಆ ಚಾವಡಿಯೊಳಗೆ ಕರೆದು ಕೂಡಿಸಿದ್ದನ್ನು ನಾನು ಕಾಣೆ. ಈಗ ಆ ಜಮಖಾನಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಸಂತೋಷ. ಅದನ್ನು ಗೋಡೆಗೆ ತೂಗುಹಾಕಿ "ನಮ್ಮ ಪರಂಪರೆ" ಎನ್ನುವವರನ್ನು ಒಂದು ಮಾತು ಕೇಳಬೇಕು: ಯಾರ ಪರಂಪರೆ? ಕೂತವರದೋ, ನೇಯ್ದವರದೋ, ತೊಳೆದವರದೋ?

"ಈಗ ಅಂಥದ್ದೆಲ್ಲ ಎಲ್ಲಿದೆ ಸಾರ್" ಎನ್ನುವ ವಿದ್ಯಾರ್ಥಿ ಮಿತ್ರರಿದ್ದಾರೆ. ಸಂವಿಧಾನದ 17ನೇ ವಿಧಿ 1950ರಿಂದ ಇದೆ, 1955ರ ಕಾಯ್ದೆ ಇದೆ, 1989ರದೂ ಇದೆ. ನಮ್ಮ ಚಾವಡಿಗೆ ಪ್ಲಾಸ್ಟಿಕ್ ಕುರ್ಚಿಯೂ ಬಂದಿದೆ. ಅವನ್ನು ಹೊತ್ತು ಹಾಕುವ ಹುಡುಗರು ಯಾವ ಕೇರಿಯವರೆಂದು ಒಮ್ಮೆ ಹೋಗಿ ನೋಡಿ ಬನ್ನಿ.

ನಾನೀಗ ಮಾಸ್ತರ. ನಮ್ಮ ಶಾಲೆಯಲ್ಲೂ ಒಂದು ಹಳೆಯ ಜಮಖಾನಿ ಇದೆ. ನಾನು ಬಂದಾಗ ಅದನ್ನು ಝಾಡಿಸುತ್ತಿದ್ದುದು ಅದೇ ನಾಲ್ಕು ಮಕ್ಕಳು. ಯಾರೂ ಹಾಗೆಂದು ಆಜ್ಞೆ ಮಾಡಿರಲಿಲ್ಲ, ಹೆಸರು ಕರೆಯುವ ಮೊದಲೇ ಅವರೇ ಏಳುತ್ತಿದ್ದರು. ಹಾಜರಿ ಪುಸ್ತಕದ ಸರದಿಯಂತೆ ಎಲ್ಲರೂ ಝಾಡಿಸಬೇಕು, ಎಲ್ಲರೂ ಅದರ ಮೇಲೆ ಕೂಡಬೇಕು ಅಂದೆ. ಎರಡು ದಿನ ನಡೆಯಿತು. ಮೂರನೆಯ ದಿನ ಊರ ದೊಡ್ಡ ಮನೆಯ ಹುಡುಗನ ಸರದಿ. ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಅವರ ಮನೆಯ ಆಳು ಕೈಕಟ್ಟಿ ನಿಂತಿದ್ದ.

"ಧಣ್ಯಾರು ಕಳಿಸ್ಯಾರ್ರೀ ಮಾಸ್ತರ. ಸಣ್ಣ ಧಣ್ಯಾರ ಬದ್ಲಿ ನಾ ಝಾಡಸ್ತೀನಿ."

ಅವನ ಮಗಳು ನಮ್ಮ ಎರಡನೇ ಇಯತ್ತೆಯಲ್ಲಿ ಓದುತ್ತಾಳೆ. ಅವಳು ಕಿಟಕಿಯಿಂದ ನೋಡುತ್ತಿದ್ದಳು. ನಾನು ಬೆತ್ತ ಅವನ ಕೈಗೆ ಕೊಡಲಿಲ್ಲ. ಜಮಖಾನಿ ಅಂದಿನಿಂದ ಹಗ್ಗದ ಮೇಲೇ ಇದೆ, ಆ ಹುಡುಗನ ಸರದಿ ಇನ್ನೂ ಮುಗಿದಿಲ್ಲ.