ಪಾಠ ಅಂಗೈಯಲ್ಲಿದೆ, ಯೋಚನೆ?

ನೀಲಗಿರಿಯ ಎಮರಾಲ್ಡ್‌ನಂಥ ಊರಿನ ಪದವಿ ವಿದ್ಯಾರ್ಥಿನಿಗೆ ಇವತ್ತು ಐಐಟಿ ಪ್ರಾಧ್ಯಾಪಕರ ಪಾಠ ಮೊಬೈಲಿನಲ್ಲೇ ಸಿಗುತ್ತದೆ. ಊಟಿಯಲ್ಲಿ ಸರ್ಕಾರಿ ಕಲಾ ಕಾಲೇಜು ಶುರುವಾದದ್ದು 1955ರಲ್ಲಿ. ಆಗಲೂ ಸುತ್ತಲಿನ ಬಡಗ ಸಮುದಾಯದ ಹಟ್ಟಿಗಳ ಮಕ್ಕಳಿಗೆ ಓದು ಎಂದರೆ ಬೆಟ್ಟದ ದಾರಿ ಸವೆಸುವುದೇ ಆಗಿತ್ತು. ಈಗ 2017ರಲ್ಲಿ ಬಂದ ‘ಸ್ವಯಂ’ ಎಂಬ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ಇದೆ. ಸೆಮಿಸ್ಟರ್‌ನ ಶೇ 40ರಷ್ಟು ಕ್ರೆಡಿಟ್‌ವರೆಗೆ ಅದರ ಮೂಲಕ ಗಳಿಸಲು ಯುಜಿಸಿ 2021ರಲ್ಲಿ ಅವಕಾಶ ಕೊಟ್ಟಿದೆ. ಮಳೆಗೆ ಗುಡ್ಡ ಜರಿದು ರಸ್ತೆ ಕಡಿದುಹೋಗುವ ಸೀಮೆಗೆ ಇದು ಸಣ್ಣ ಸೌಲಭ್ಯವಲ್ಲ.

ಆದರೆ ಪಾಠ ಸಿಕ್ಕಿದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ. ಒಂದೇ ವಿಡಿಯೊವನ್ನು ಒಬ್ಬಳು ಕೊನೆಯವರೆಗೂ ನೋಡಿ ಟಿಪ್ಪಣಿ ಬರೆದು, ಹೇಳಿದ ದಿನಕ್ಕೆ ಉತ್ತರ ಒಪ್ಪಿಸುತ್ತಾಳೆ. ಇನ್ನೊಬ್ಬ ತನ್ನದೇ ಪ್ರಶ್ನೆ ಹಿಡಿದು ಬೇಕಾದ ಭಾಗಕ್ಕೆ ನೇರ ಹೋಗುತ್ತಾನೆ. ಮತ್ತೊಬ್ಬಳು ಇಬ್ಬರು ಮೇಷ್ಟರ ಪಾಠ ತೂಗಿ ನೋಡಿ, ಯಾರ ವಾದ ಗಟ್ಟಿ ಎಂದು ಹೇಳುತ್ತಾಳೆ.

ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಸ್ಟರ್ನ್‌ಬರ್ಗ್ ಮನಸ್ಸನ್ನು ಸರ್ಕಾರಕ್ಕೆ ಹೋಲಿಸಿ ಈ ವ್ಯತ್ಯಾಸವನ್ನು ವಿವರಿಸಿದರು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗದ ರೀತಿಗಳೂ ಸೇರಿ ಒಟ್ಟು 13 ಯೋಚನಾ ಶೈಲಿಗಳನ್ನು ಅವರು ಗುರುತಿಸಿದರು. ಮೇಲಿನ ಮೂವರಲ್ಲಿ ಮೊದಲನೆಯವಳದು ಕಾರ್ಯಾಂಗದ ರೀತಿ, ಎರಡನೆಯವನದು ಶಾಸಕಾಂಗದ್ದು, ಮೂರನೆಯವಳದು ನ್ಯಾಯಾಂಗದ್ದು. ಶೈಲಿ ಎಂದರೆ ಬುದ್ಧಿಮಟ್ಟವಲ್ಲ, ಇರುವ ಬುದ್ಧಿಯನ್ನು ಬಳಸಲು ನಾವು ಇಷ್ಟಪಡುವ ಬಗೆ. ಅದು ಹುಟ್ಟಿನಿಂದ ಬಂದ ಹಣೆಬರಹವೂ ಅಲ್ಲ, ಅಭ್ಯಾಸದಿಂದ ಬದಲಾಗುತ್ತದೆ ಎಂಬುದು ಅವರ ನಿಲುವು.

ವಾರವಾರದ ಅಸೈನ್‌ಮೆಂಟ್ ಇರುವ ಕೋರ್ಸು ಕಾರ್ಯಾಂಗದ ಮನಸ್ಸಿಗೆ ಒಗ್ಗುತ್ತದೆ. ಕೊಟ್ಟದ್ದನ್ನು ಅಚ್ಚುಕಟ್ಟಾಗಿ ಮುಗಿಸುವುದು ಅದರ ಗುಣ. ಆದರೆ ತನಗೇನು ಬೇಕು, ಯಾವ ಪಾಠ ಸಾಕು, ಕಲಿತದ್ದು ನಿಜವೇ ಎಂದು ನಿರ್ಧರಿಸುವವರು ಯಾರು? ಸ್ವಯಂ ನಿರ್ದೇಶಿತ ಕಲಿಕೆಗೆ 1975ರಲ್ಲಿ ವಯಸ್ಕ ಶಿಕ್ಷಣ ತಜ್ಞ ಮಾಲ್ಕಂ ನೋಲ್ಸ್ ಕೊಟ್ಟ ವಿವರಣೆಯಲ್ಲಿ ಈ ತೀರ್ಮಾನಗಳೇ ಮುಖ್ಯ. ಇಲ್ಲಿ ಶಾಸಕಾಂಗ, ನ್ಯಾಯಾಂಗಗಳೂ ಎಚ್ಚರವಾಗಿರಬೇಕು. ನಾಲ್ಕು ಜನರ ಜತೆ ಮಾತಾಡುತ್ತ ಕಲಿಯುವ ಸ್ವಭಾವದವರಿಗಂತೂ ಒಬ್ಬಂಟಿಯಾಗಿ ಪರದೆ ನೋಡುವುದೇ ಶಿಕ್ಷೆ.

ನಮ್ಮ ಶಾಲೆಗಳು ಬೆಳೆಸುವುದು ಕಾರ್ಯಾಂಗವೊಂದನ್ನೇ. ಹನ್ನೆರಡು ವರ್ಷ ನೋಟ್ಸ್ ಬರೆಸಿ, ಪದವಿಗೆ ಬಂದೊಡನೆ ‘ನೀನೇ ಕಲಿತುಕೋ’ ಎನ್ನುತ್ತೇವೆ. ಮಕ್ಕಳು ನಡುವೆಯೇ ಕೈಬಿಟ್ಟರೆ ಶ್ರದ್ಧೆಯಿಲ್ಲ ಎಂದು ದೂರುತ್ತೇವೆ. ಇದು ಅನ್ಯಾಯ.

ಅದೇ ನೀಲಗಿರಿಯ ಮೆಟ್ಟಿಲು ಹೊಲ ನೋಡಿ. ಯಾವ ಪಟ್ಟಿಗೆ ಕ್ಯಾರೆಟ್, ಯಾವುದಕ್ಕೆ ಆಲೂಗಡ್ಡೆ ಎಂದು ರೈತ ತಾನೇ ಗೊತ್ತುಮಾಡುತ್ತಾನೆ, ಬಿತ್ತಿ ಕಳೆ ಕೀಳುತ್ತಾನೆ, ಡಿಸೆಂಬರ್‌–ಜನವರಿಯ ಮಂಜು ಕಟ್ಟುವ ಚಳಿಯನ್ನೂ ಮೇಟುಪಾಳ್ಯಂ ಮಂಡಿಯ ಧಾರಣೆಯನ್ನೂ ತೂಗಿ ಕೀಳುವ ದಿನ ನಿಶ್ಚಯಿಸುತ್ತಾನೆ. ಮೂರೂ ಅಂಗಗಳು ಅಲ್ಲಿ ಕೂಡಿ ದುಡಿಯುತ್ತವೆ. ಅಂಥ ಮನೆಯ ಮಕ್ಕಳಿಗೆ ಸ್ವಂತ ನಿರ್ಧಾರ ಹೊಸದಲ್ಲ. ಅದನ್ನು ಓದಿಗೆ ತಿರುಗಿಸುವವರು ಬೇಕು.

ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೆ. ಲಿಂಕ್ ಕಳಿಸುವ ಮೊದಲು ಪ್ರತಿ ವಿದ್ಯಾರ್ಥಿಯಿಂದ ಮೂರು ಸಾಲು ಬರೆಸಿ: ನಾನು ಏನು ತಿಳಿಯಬೇಕು, ತಿಳಿದಿದ್ದೇನೆಂದು ಹೇಗೆ ಪರೀಕ್ಷಿಸಿಕೊಳ್ಳುತ್ತೇನೆ, ಯಾರೊಡನೆ ಚರ್ಚಿಸುತ್ತೇನೆ. ತಿಂಗಳ ಕೊನೆಗೆ ಆ ಹಾಳೆ ಹಿಡಿದು ಅವರೊಡನೆ ಮಾತಾಡಿ. ಯಾವ ತಂತ್ರಜ್ಞಾನವೂ ನಿಮ್ಮ ಪರವಾಗಿ ಈ ಕೆಲಸ ಮಾಡಲಾರದು.