ವೈದ್ಯರ ಮೇಜಿಗೆ ಕ್ಯೂಆರ್ ಕೋಡ್ ಬಂತು, ರಸೀದಿ ಬರಲಿಲ್ಲ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಹಾಗೂ ಚಹಾ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಮಾಹಿತಿ ತಂತ್ರಜ್ಞಾನಕ್ಕೆ ಹೆಸರಾದ ನಗರವೇ ನೋಟು, ಚಿಲ್ಲರೆಗಳಿಗೆ ಮರಳಲು ಹೊರಟದ್ದು ವಿಪರ್ಯಾಸವೆನಿಸಿದರೂ ಕಾರಣ ಸ್ಪಷ್ಟವಾಗಿತ್ತು. ಯುಪಿಐ ಮೂಲಕ ಜಮೆಯಾದ ಹಣದ ವಿವರಗಳನ್ನು ಆಧರಿಸಿ, 2021-22ರಿಂದ ನಾಲ್ಕು ವರ್ಷಗಳ ವಹಿವಾಟಿನ ಸಂಬಂಧ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿತ್ತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರ ಕೈಗೂ ಲಕ್ಷಗಟ್ಟಲೆ ರೂಪಾಯಿಯ ನೋಟಿಸ್ ತಲುಪಿದಾಗ ಆಕ್ರೋಶ ಭುಗಿಲೆದ್ದಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳ ಪ್ರತಿನಿಧಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ಅರ್ಹರೆಲ್ಲರೂ ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಭರವಸೆ ಮತ್ತು ಸೂಚನೆ ಎರಡನ್ನೂ ನೀಡಿದ ಮೇಲೆ ಬಿಸಿ ತಣ್ಣಗಾಯಿತು.

ಚರ್ಚೆಯೆಲ್ಲ ಅಂಗಡಿ ಮುಂಗಟ್ಟುಗಳ ಸುತ್ತಲೇ ನಡೆಯಿತು. ಅದೇ ಪ್ರಶ್ನೆ ಇನ್ನಷ್ಟು ಜಟಿಲವಾದ ರೂಪದಲ್ಲಿ ಎದುರಾಗಿರುವ ಇನ್ನೊಂದು ವರ್ಗದತ್ತ ಯಾರ ಗಮನವೂ ಹರಿಯಲಿಲ್ಲ. ಅದು ಬಡಾವಣೆಯ ಒಂದು ಕೋಣೆಯಲ್ಲಿ, ತಾಲ್ಲೂಕು ಪೇಟೆಯ ಮಹಡಿಯ ಮೇಲೆ ಒಬ್ಬರೇ ವೈದ್ಯರು ನಡೆಸುವ ಆಯುರ್ವೇದ, ಹೋಮಿಯೋಪಥಿ, ಯುನಾನಿ ಚಿಕಿತ್ಸಾಲಯಗಳ ವರ್ಗ. ಅಂಗಡಿಯವನು ಮಾರುವುದು ಸರಕು ಮಾತ್ರ. ಈ ವೈದ್ಯರು ನೀಡುವುದು ಸಲಹೆಯನ್ನೂ ಹೌದು, ಔಷಧವನ್ನೂ ಹೌದು. ರೋಗಿ ಮಾತ್ರ ಎರಡಕ್ಕೂ ಸೇರಿಸಿ ಒಂದೇ ಮೊತ್ತ ಪಾವತಿಸುತ್ತಾನೆ.

ಒಂದೇ ಮೊತ್ತದೊಳಗೆ ಎರಡು ವ್ಯವಹಾರ

ಅಲೋಪಥಿ ವೈದ್ಯರಲ್ಲಿ ಬಹುಮಂದಿ ಚೀಟಿ ಬರೆದುಕೊಡುತ್ತಾರೆ, ರೋಗಿ ಔಷಧವನ್ನು ಬೇರೆ ಅಂಗಡಿಯಲ್ಲಿ ಬಿಲ್ಲಿನೊಡನೆ ಕೊಳ್ಳುತ್ತಾನೆ. ಪರ್ಯಾಯ ಪದ್ಧತಿಗಳ ಸಣ್ಣ ಚಿಕಿತ್ಸಾಲಯದ ರೂಢಿಯೇ ಬೇರೆ. ಹೋಮಿಯೋಪಥಿ ವೈದ್ಯರು ಸಕ್ಕರೆ ಗುಳಿಗೆಗೆ ಔಷಧದ ಹನಿ ಬೆರೆಸಿ ಅಲ್ಲೇ ಶೀಶೆಗೆ ತುಂಬಿಕೊಡುತ್ತಾರೆ. ಆಯುರ್ವೇದ ವೈದ್ಯರು ಚೂರ್ಣವನ್ನು ಪೊಟ್ಟಣ ಕಟ್ಟಿ, ಕಷಾಯದ ಬಾಟಲಿ, ತೈಲ ಸೇರಿಸಿ ಕೈಗಿಡುತ್ತಾರೆ. ‘ಇನ್ನೂರು ರೂಪಾಯಿ’ ಎಂಬ ಒಂದೇ ಮಾತಿನಲ್ಲಿ ವ್ಯವಹಾರ ಮುಗಿಯುತ್ತದೆ. ನಗದಿನ ಕಾಲದಲ್ಲಿ ಈ ಇನ್ನೂರರಲ್ಲಿ ಸಲಹೆಯ ಪಾಲೆಷ್ಟು, ಔಷಧದ ಪಾಲೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಪ್ರತಿ ಪಾವತಿಯೂ ಬ್ಯಾಂಕಿನ ಲೆಕ್ಕದಲ್ಲಿ ಅಚ್ಚಾಗುತ್ತಿದೆ. ಹೀಗೆ ಅಚ್ಚಾಗುವುದು ಮೊತ್ತ ಮಾತ್ರ, ಅದರ ಹಿಂದಿನ ವಿವರವಲ್ಲ. ಸಮಸ್ಯೆಯ ಬೇರು ಇರುವುದು ಇಲ್ಲಿಯೇ.

ಏಕೆಂದರೆ ಕಾನೂನು ಈ ಎರಡು ಪಾಲುಗಳನ್ನು ಬೇರೆ ಬೇರೆಯಾಗಿ ನೋಡುತ್ತದೆ. 2017ರ ಜೂನ್ 28ರ ಕೇಂದ್ರ ಅಧಿಸೂಚನೆಯ ಪ್ರಕಾರ ಮಾನ್ಯತೆ ಪಡೆದ ಪದ್ಧತಿಯ ಚಿಕಿತ್ಸಾಲಯ ಅಥವಾ ಅಧಿಕೃತ ವೈದ್ಯರು ನೀಡುವ ಆರೋಗ್ಯ ಸೇವೆಗೆ ಜಿಎಸ್‌ಟಿ ಇಲ್ಲ. ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಹೋಮಿಯೋಪಥಿ ಇವೆಲ್ಲವೂ ಆ ಮಾನ್ಯತೆಯ ವ್ಯಾಪ್ತಿಯಲ್ಲಿವೆ. ವಿನಾಯಿತಿ ಪಡೆದ ಸೇವೆಯನ್ನಷ್ಟೇ ನೀಡುವವರು ವರ್ಷಕ್ಕೆ ಎಷ್ಟೇ ಸಂಪಾದಿಸಿದರೂ ಜಿಎಸ್‌ಟಿ ನೋಂದಣಿಯ ಅಗತ್ಯವಿಲ್ಲ. ಔಷಧದ ಕಥೆ ಹಾಗಲ್ಲ. ಒಳರೋಗಿಗೆ ಚಿಕಿತ್ಸೆಯ ಅಂಗವಾಗಿ ನೀಡಿದ ಔಷಧ ವಿನಾಯಿತಿಯೊಳಗೆ ಬರುತ್ತದೆ. ಹೊರರೋಗಿಗೆ ಮಾರಿದ ಔಷಧವಾದರೋ ತೆರಿಗೆಗೆ ಒಳಪಡುವ ಸರಕು. ವೈದ್ಯರು ಕೈಯಾರೆ ಕಟ್ಟಿಕೊಟ್ಟ ಪೊಟ್ಟಣ ಚಿಕಿತ್ಸೆಯ ಭಾಗವೋ, ಮಾರಾಟದ ಸರಕೋ ಎಂಬ ವಾದಕ್ಕೆ ಅವಕಾಶವಿದೆ. ಆದರೆ ಕಾಗದವಿಲ್ಲದವನ ವಾದಕ್ಕೆ ಬಲವಿರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 40 ರೋಗಿಗಳು, ತಲಾ 200 ರೂಪಾಯಿ, ವರ್ಷಕ್ಕೆ 300 ದಿನ ಎಂದರೆ ಒಟ್ಟು 24 ಲಕ್ಷ ರೂಪಾಯಿ. ಇದರಲ್ಲಿ ಸಲಹೆಯ ಶುಲ್ಕ 120, ಔಷಧದ ಬೆಲೆ 80 ಎಂದಿಟ್ಟುಕೊಂಡರೆ ವಿನಾಯಿತಿಯ ಪಾಲು 14.40 ಲಕ್ಷ, ತೆರಿಗೆಗೆ ಒಳಪಡುವ ಪಾಲು 9.60 ಲಕ್ಷ. ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಮಿತಿ 40 ಲಕ್ಷ ರೂಪಾಯಿ, ಸೇವೆಯೂ ಸೇರಿದಾಗ 20 ಲಕ್ಷ. ಮಿತಿಯನ್ನು ಎಣಿಸುವಾಗ ವಿನಾಯಿತಿಯ ಪಾಲನ್ನೂ ಕೂಡಿಸಲಾಗುತ್ತದೆ ಎಂಬುದು ಬಹಳಷ್ಟು ವೈದ್ಯರ ಗಮನಕ್ಕೆ ಬಾರದ ಸೂಕ್ಷ್ಮ. ಅಂದರೆ ಔಷಧದ ಮಾರಾಟ ಹತ್ತು ಲಕ್ಷಕ್ಕಿಂತ ಕಡಿಮೆಯಿದ್ದರೂ ಈ ವೈದ್ಯರು ನೋಂದಣಿಯ ವ್ಯಾಪ್ತಿಗೆ ಬರುತ್ತಾರೆ.

ತೆರಿಗೆ ಮಾತ್ರ ಭಾರಿಯಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರ ಪರಿಷ್ಕರಣೆಯಲ್ಲಿ ಆಯುರ್ವೇದ, ಯುನಾನಿ, ಹೋಮಿಯೋಪಥಿ ಔಷಧಗಳ ಮೇಲಿನ ಶೇ. 12ರ ದರ ಶೇ. 5ಕ್ಕೆ ಇಳಿಯಿತು. 9.60 ಲಕ್ಷಕ್ಕೆ ಶೇ. 5 ಎಂದರೆ 48 ಸಾವಿರ. ಔಷಧ ಕೊಳ್ಳುವಾಗ ತೆತ್ತ ತೆರಿಗೆಯನ್ನು ಇದರಲ್ಲಿ ಕಳೆಯಲು ಅವಕಾಶವಿರುವುದರಿಂದ ಕೈಯಿಂದ ಹೋಗುವುದು ಇನ್ನೂ ಕಡಿಮೆ. ರಸೀದಿಯಿಲ್ಲದ ಕಾರಣ 24 ಲಕ್ಷವನ್ನೂ ಔಷಧದ ಮಾರಾಟವೆಂದೇ ಎಣಿಸಿದರೆ ಅದೇ ತೆರಿಗೆ 1.20 ಲಕ್ಷವಾಗುತ್ತದೆ, ಬಡ್ಡಿ ಮತ್ತು ದಂಡ ಬೇರೆ. ಈ ವ್ಯತ್ಯಾಸಕ್ಕೆ ಕಾರಣ ಯುಪಿಐ ಅಲ್ಲ. ಹರಿದು ಕೊಡಬಹುದಾಗಿದ್ದ ಒಂದು ಚೀಟಿ ಇಲ್ಲದಿರುವುದೇ ಕಾರಣ.

ನಗದಿಗೆ ಮರಳಿದರೆ ಪಾರಾಗಬಹುದೇ?

ಕ್ಯೂಆರ್ ಕೋಡ್ ತೆಗೆದುಹಾಕಿದರೆ ತಾಪತ್ರಯವೇ ಇಲ್ಲ ಎಂಬ ಎಣಿಕೆ ಕೆಲವರಲ್ಲಿದೆ. ಕಾನೂನಿನ ದೃಷ್ಟಿಯಲ್ಲಿ ಇದಕ್ಕೆ ಆಧಾರವಿಲ್ಲ. ತೆರಿಗೆ ಬೀಳುವುದು ವಹಿವಾಟಿನ ಮೇಲೆ, ಪಾವತಿಯ ವಿಧಾನದ ಮೇಲಲ್ಲ. ಲಾಭ ನಷ್ಟದ ದೃಷ್ಟಿಯಿಂದಲೂ ಇದು ಜಾಣತನವಲ್ಲ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ಸ್ವೀಕರಿಸುವವರಿಂದ ಶುಲ್ಕ ವಸೂಲು ಮಾಡುವಂತಿಲ್ಲ. ಕ್ರೆಡಿಟ್ ಕಾರ್ಡ್ ಯಂತ್ರ ಇಟ್ಟುಕೊಂಡರೆ ಪ್ರತಿ ಪಾವತಿಯಲ್ಲೂ ಒಂದು ಪಾಲು ಬ್ಯಾಂಕಿಗೆ ಹೋಗುತ್ತದೆ. ಇನ್ನೂರು ರೂಪಾಯಿಯ ಚಿಕಿತ್ಸಾಲಯಕ್ಕೆ ಅದರ ಅಗತ್ಯ ಕಡಿಮೆ. ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್‌ಗೆ ತಿಂಗಳ ಬಾಡಿಗೆ ಇರಬಹುದಾದರೂ, ಪಾವತಿಯಾಯಿತೆಂದು ನಕಲಿ ಪರದೆ ತೋರಿಸಿ ಹೋಗುವವರಿಂದ ಅದು ರಕ್ಷಣೆ ನೀಡುತ್ತದೆ. ಆದಾಯ ತೆರಿಗೆಯಲ್ಲೂ ಉತ್ತೇಜನವಿದೆ. ಒಟ್ಟು ವರಮಾನದ ಅರ್ಧವನ್ನು ಲಾಭವೆಂದು ಘೋಷಿಸಿ ಲೆಕ್ಕಪತ್ರದ ಹೊರೆ ತಪ್ಪಿಸಿಕೊಳ್ಳುವ ಸೌಲಭ್ಯ ವೈದ್ಯರು ಸೇರಿದಂತೆ ವೃತ್ತಿಪರರಿಗೆ 50 ಲಕ್ಷದವರೆಗೆ ಇತ್ತು. ನಗದು ಸ್ವೀಕೃತಿ ಶೇ. 5ನ್ನು ಮೀರದಿದ್ದರೆ ಈ ಮಿತಿ 75 ಲಕ್ಷ ಎಂದು 2023ರ ಬಜೆಟ್ ಸಡಿಲಿಸಿತು.

ಆತಂಕಕ್ಕೆ ಕಾರಣಗಳೇ ಇಲ್ಲವೆಂದಲ್ಲ. ಬಹುತೇಕ ಸಣ್ಣ ವೈದ್ಯರು ತಮ್ಮ ವೈಯಕ್ತಿಕ ಉಳಿತಾಯ ಖಾತೆಯ ಕ್ಯೂಆರ್ ಕೋಡನ್ನೇ ಮೇಜಿನ ಮೇಲೆ ಇಟ್ಟಿರುತ್ತಾರೆ. ಮಗಳು ಕಳುಹಿಸಿದ ಹಣ, ಮನೆ ಬಾಡಿಗೆ, ಸ್ನೇಹಿತ ಹಿಂದಿರುಗಿಸಿದ ಸಾಲ, ರೋಗಿಯ ಶುಲ್ಕ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆಯುತ್ತವೆ. ನಾಲ್ಕು ವರ್ಷಗಳ ನಂತರ ಯಾವುದು ಯಾವುದೆಂದು ಬಿಡಿಸಿ ಹೇಳುವುದು ಹೆತ್ತವರಿಗೇ ಕಷ್ಟ. ಇನ್ನೊಂದು ಅಪಾಯವೂ ಇದೆ. ಸೈಬರ್ ವಂಚನೆಯ ಹಣ ಕೈ ಬದಲಾಯಿಸುತ್ತ ಬಂದು ಯಾವುದೋ ರೋಗಿಯ ಮೂಲಕ ವೈದ್ಯರ ಖಾತೆ ಸೇರಿದರೆ, ದೂರಿನ ಮೇರೆಗೆ ಪೊಲೀಸರ ಸೂಚನೆಯಂತೆ ಬ್ಯಾಂಕು ಆ ಹಣವನ್ನು ತಡೆಹಿಡಿಯಬಹುದು, ಇಡೀ ಖಾತೆಯನ್ನೇ ಸ್ಥಗಿತಗೊಳಿಸಿದ್ದೂ ಉಂಟು. ಅಂಥ ಹೊತ್ತಿನಲ್ಲಿ ‘ಈ ದಿನ, ಈ ಸೇವೆಗೆ, ಇಷ್ಟು ಪಡೆದೆ’ ಎಂದು ತೋರಿಸಬಲ್ಲ ರಸೀದಿಯೇ ಆಸರೆ. ಚಿಕಿತ್ಸಾಲಯದ ಹೆಸರಿನಲ್ಲಿ ಪ್ರತ್ಯೇಕ ಖಾತೆ, ಅದಕ್ಕೊಂದು ಪ್ರತ್ಯೇಕ ಕ್ಯೂಆರ್ ಕೋಡ್ ಎಂಬ ಸರಳ ಕ್ರಮ ಈ ಎರಡೂ ತೊಡಕುಗಳನ್ನು ಅರ್ಧದಷ್ಟು ಪರಿಹರಿಸುತ್ತದೆ.

ವಿನಾಯಿತಿಯ ಹೊರಗೆ ಉಳಿದವರು

ಪರ್ಯಾಯ ಚಿಕಿತ್ಸೆ ಎಂಬ ಹೆಸರಿನಡಿ ನಡೆಯುವುದೆಲ್ಲಕ್ಕೂ ವಿನಾಯಿತಿ ಇಲ್ಲ ಎಂಬುದನ್ನೂ ಗಮನಿಸಬೇಕು. ಕಾಂತ ಚಿಕಿತ್ಸೆ, ಪ್ರಾಣಶಕ್ತಿ ಚಿಕಿತ್ಸೆ ಮುಂತಾದವು ಮಾನ್ಯ ಪದ್ಧತಿಗಳ ಪಟ್ಟಿಯಲ್ಲಿಲ್ಲ. ಆರೋಗ್ಯ ಸೇವೆ ಎಂದರೆ ಕಾಯಿಲೆ, ಗಾಯ, ವಿಕಲತೆ, ಗರ್ಭಾವಸ್ಥೆಗೆ ಸಂಬಂಧಿಸಿದ ತಪಾಸಣೆ, ಚಿಕಿತ್ಸೆ ಅಥವಾ ಆರೈಕೆ ಎಂದು ಅಧಿಸೂಚನೆ ವ್ಯಾಖ್ಯಾನಿಸಿದೆ. ಸಂಧಿವಾತಕ್ಕೆ ವೈದ್ಯರು ಸೂಚಿಸಿದ ಅಭ್ಯಂಗ ಈ ವ್ಯಾಖ್ಯಾನದೊಳಗೆ ಬಂದೀತು. ರೆಸಾರ್ಟಿನಲ್ಲಿ ದಣಿವಾರಿಸಿಕೊಳ್ಳಲು ಮಾಡಿಸಿಕೊಂಡ ಎಣ್ಣೆ ಮಜ್ಜನ ಬಾರದು. ತಲೆಮಾರುಗಳಿಂದ ಮೂಳೆ ಕಟ್ಟುವ, ಕಾಮಾಲೆಗೆ ಬೇರು ಕೊಡುವ ನಾಟಿ ವೈದ್ಯರ ಸ್ಥಿತಿ ಮತ್ತಷ್ಟು ಅಸ್ಪಷ್ಟ. ಪರಿಷತ್ತಿನ ನೋಂದಣಿ ಇಲ್ಲದ ಅವರು ಕಾನೂನಿನ ಭಾಷೆಯಲ್ಲಿ ‘ಅಧಿಕೃತ ವೈದ್ಯ’ರಲ್ಲ. ವೀಳ್ಯದೆಲೆ, ಅಡಿಕೆಯೊಡನೆ ಇಟ್ಟ ಕಾಣಿಕೆಯನ್ನು ಶುಲ್ಕವೆಂದು ಅವರೂ ಎಣಿಸಿದವರಲ್ಲ. ಆ ಕಾಣಿಕೆ ಮೊಬೈಲಿನ ಮೂಲಕ ಬರತೊಡಗಿದೊಡನೆ ಅದು ಯಂತ್ರದ ಕಣ್ಣಿಗೆ ಬರೀ ಜಮೆ. ಇವರಲ್ಲಿ ಹೆಚ್ಚಿನವರ ವಹಿವಾಟು ಮಿತಿಯಿಂದ ಬಹು ದೂರ ಉಳಿಯುವುದರಿಂದ ತೆರಿಗೆಯ ಭಯ ಅನಗತ್ಯ. ಆದರೆ ಈ ಮಾತನ್ನು ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವವರು ಬೇಕಾಗಿದ್ದಾರೆ.

ರೋಗಿಯ ಪಾಲಿಗೆ ಏನು?

ಇಷ್ಟೆಲ್ಲ ಚರ್ಚೆಯಲ್ಲಿ ರೋಗಿಯನ್ನು ಮರೆಯುವಂತಿಲ್ಲ. ರಸೀದಿಯ ಅಗತ್ಯ ತೆರಿಗೆ ಇಲಾಖೆಗಿಂತ ಹೆಚ್ಚಾಗಿ ಇರುವುದು ಅವನಿಗೆ. ತಿಂಗಳುಗಟ್ಟಲೆ ಚೂರ್ಣ, ಭಸ್ಮ ಸೇವಿಸಿದವನಿಗೆ ಯಕೃತ್ತಿನ ತೊಂದರೆ ಕಾಣಿಸಿಕೊಂಡು ಆಸ್ಪತ್ರೆಗೆ ಹೋದನೆಂದು ಭಾವಿಸಿ. ‘ಯಾವ ಔಷಧ ತೆಗೆದುಕೊಳ್ಳುತ್ತಿದ್ದಿರಿ?’ ಎಂದು ಅಲ್ಲಿನ ವೈದ್ಯರು ಕೇಳಿದರೆ ತೋರಿಸಲು ಅವನ ಬಳಿ ಇರುವುದು ಆರುನೂರು ರೂಪಾಯಿ ಪಾವತಿಯಾದ ಮೊಬೈಲ್ ಸಂದೇಶವೊಂದೇ. ಹಣಕ್ಕೆ ಸಾಕ್ಷಿಯಿದೆ, ಔಷಧಕ್ಕಿಲ್ಲ. ಔಷಧದ ಹೆಸರು, ಪ್ರಮಾಣ, ದಿನಾಂಕವುಳ್ಳ ಬಿಲ್ಲು ಅಂಥ ಹೊತ್ತಿನಲ್ಲಿ ಜೀವ ಉಳಿಸಬಲ್ಲದು. ಪ್ರಾಮಾಣಿಕ ವೈದ್ಯರಿಗೂ ಸುಳ್ಳು ಆರೋಪದಿಂದ ಅದು ರಕ್ಷೆ.

ಇನ್ನೊಂದು ವಿಷಯ ಗೋಪ್ಯತೆಯದು. ಬಂಜೆತನ, ಮೂಲವ್ಯಾಧಿ, ಲೈಂಗಿಕ ಸಮಸ್ಯೆ, ಮಾನಸಿಕ ತೊಳಲಾಟಗಳಿಗೆ ಜನ ಪರ್ಯಾಯ ಪದ್ಧತಿಯ ಬಾಗಿಲು ತಟ್ಟುವುದು ಹೊಸತೇನಲ್ಲ. ನೋಟು ಯಾರ ಹೆಸರನ್ನೂ ಹೇಳುವುದಿಲ್ಲ. ಮೊಬೈಲ್ ಪಾವತಿಯಲ್ಲಿ ಚಿಕಿತ್ಸಾಲಯದ ಹೆಸರು ರೋಗಿಯ ಖಾತೆಯಲ್ಲಿ, ರೋಗಿಯ ಹೆಸರು, ಹಲವೊಮ್ಮೆ ದೂರವಾಣಿ ಸಂಖ್ಯೆಯೂ ವೈದ್ಯರ ಮೊಬೈಲಿನಲ್ಲಿ ಉಳಿಯುತ್ತದೆ. ಮನೆಯವರೆಲ್ಲ ಒಂದೇ ಮೊಬೈಲ್ ಬಳಸುವ ಕಡೆ ಹೆಂಗಸರಿಗೆ ಇದು ಸಣ್ಣ ಮಾತಲ್ಲ. ಮಂಡಿನೋವಿಗೆ ತೈಲ ಒಯ್ಯಲು ಬರುವ ವೃದ್ಧರಲ್ಲಿ ಮೊಬೈಲ್ ಪಾವತಿ ಬಾರದವರು ಇಂದಿಗೂ ಅನೇಕ. ಆದ್ದರಿಂದ ‘ನಗದು ಮಾತ್ರ’ ಎಂಬ ಫಲಕ ಎಷ್ಟು ತಪ್ಪೋ, ‘ಯುಪಿಐ ಮಾತ್ರ’ ಎಂಬ ಫಲಕವೂ ಅಷ್ಟೇ ತಪ್ಪು. ಆಯ್ಕೆ ರೋಗಿಯದಾಗಿರಬೇಕು. ಯಾವ ಬಗೆಯಲ್ಲಿ ಪಾವತಿಸಿದರೂ ರಸೀದಿ ಒಂದೇ ಆಗಿರಬೇಕು.

‘ನಗದುರಹಿತ’ ಎಂಬ ಪದ ಹುಟ್ಟಿಸುವ ಗೊಂದಲವನ್ನೂ ಇಲ್ಲಿ ನಿವಾರಿಸಬೇಕು. 2024ರ ಏಪ್ರಿಲ್‌ನಿಂದ ಆಯುಷ್ ಚಿಕಿತ್ಸೆಯನ್ನು ಇತರ ಚಿಕಿತ್ಸೆಗೆ ಸರಿಸಮನಾಗಿ ಪರಿಗಣಿಸುವಂತೆ ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳಿಗೆ ಸೂಚಿಸಿತು. ಅದು ಮುಖ್ಯವಾಗಿ ಹಾಸಿಗೆಗಳುಳ್ಳ ಆಯುಷ್ ಆಸ್ಪತ್ರೆಗಳಿಗೆ ಅನ್ವಯಿಸುವ ಮಾತು. ಒಂದು ಕೋಣೆಯ ಚಿಕಿತ್ಸಾಲಯದಲ್ಲಿ ಕ್ಯೂಆರ್ ಕೋಡ್ ಇದೆಯೆಂದ ಮಾತ್ರಕ್ಕೆ ಅಲ್ಲಿ ವಿಮೆಯ ನಗದುರಹಿತ ಸೌಲಭ್ಯ ದೊರೆಯುತ್ತದೆ ಎಂದು ಭಾವಿಸಬಾರದು.

ಆಗಬೇಕಾದದ್ದು

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದಲೂ ಇದೆ. ಆಯುಷ್ ಚಿಕಿತ್ಸಾಲಯಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಶುಲ್ಕದ ಪಟ್ಟಿಯನ್ನು ಎದ್ದುಕಾಣುವಂತೆ ಹಾಕಬೇಕೆಂದು ಅದು ಹೇಳುತ್ತದೆ. ಸಲಹೆಗೆ ಇಷ್ಟು, ಔಷಧಕ್ಕೆ ಪ್ರತ್ಯೇಕ ಎಂದು ಆ ಪಟ್ಟಿಯಲ್ಲೇ ಬರೆದು, ಅದೇ ಕ್ರಮದಲ್ಲಿ ರಸೀದಿ ಹರಿದುಕೊಟ್ಟರೆ ಕ್ಯೂಆರ್ ಕೋಡಿನ ಭಯ ಬಹುಪಾಲು ಕರಗುತ್ತದೆ. ಅದಕ್ಕೆ ಕಂಪ್ಯೂಟರೂ ಬೇಡ, ಕ್ರಮಸಂಖ್ಯೆಯುಳ್ಳ ಒಂದು ರಸೀದಿ ಪುಸ್ತಕ ಸಾಕು.

ಸರಕಾರದ ಹೊಣೆ ಇದಕ್ಕಿಂತ ದೊಡ್ಡದು. ಜುಲೈ ತಿಂಗಳ ಅನುಭವದಿಂದ ಪಾಠ ಕಲಿತಿದ್ದರೆ ವಾಣಿಜ್ಯ ತೆರಿಗೆ ಇಲಾಖೆ ಮೊದಲು ನೋಟಿಸ್, ಆಮೇಲೆ ವಿವರಣೆ ಎಂಬ ಕ್ರಮವನ್ನು ತಿರುಗಿಸಬೇಕು. ಜಮೆಯಾದ ಮೊತ್ತವೆಲ್ಲ ತೆರಿಗೆಯ ವಹಿವಾಟಲ್ಲ ಎಂಬ ಸರಳ ಸತ್ಯವನ್ನು ಅಂಕಿಅಂಶ ಜಾಲಾಡುವ ಅಧಿಕಾರಿಗಳು ಮೊದಲು ಒಪ್ಪಬೇಕು. ಹೊರರೋಗಿಗೆ ವೈದ್ಯರೇ ಕಟ್ಟಿಕೊಡುವ ಔಷಧದ ಸ್ಥಾನಮಾನದ ಬಗ್ಗೆ ಜಿಎಸ್‌ಟಿ ಮಂಡಳಿಯಿಂದ ಸ್ಪಷ್ಟೀಕರಣ ಪಡೆಯುವ ಪ್ರಯತ್ನ ರಾಜ್ಯದಿಂದಲೇ ಆರಂಭವಾದರೆ ಉಚಿತ. ಆಯುಷ್ ಇಲಾಖೆಯೂ ವೈದ್ಯರ ಸಂಘಗಳೂ ಕೂಡಿ ಜಿಲ್ಲಾ ಮಟ್ಟದಲ್ಲಿ ಕನ್ನಡದಲ್ಲೇ ತಿಳಿವಳಿಕೆ ಸಭೆಗಳನ್ನು ನಡೆಸಬಹುದು.

ಸಣ್ಣ ಚಿಕಿತ್ಸಾಲಯ ಉಳಿದಿರುವುದು ನಂಬಿಕೆಯ ಮೇಲೆ. ನಂಬಿಕೆಯಿದ್ದಲ್ಲಿ ಲೆಕ್ಕವೇಕೆ ಎಂಬ ಹಳೆಯ ಸಂಕೋಚ ವೈದ್ಯರಲ್ಲೂ ಇದೆ, ರೋಗಿಗಳಲ್ಲೂ ಇದೆ. ಹಣದ ಲೆಕ್ಕವನ್ನು ಬ್ಯಾಂಕಿನ ಯಂತ್ರ ಈಗಾಗಲೇ ಇಡತೊಡಗಿದೆ, ಅದನ್ನು ಯಾರೂ ತಡೆಯಲಾರರು. ಚಿಕಿತ್ಸೆಯ ಲೆಕ್ಕವನ್ನು ಇಡಬೇಕಾದವರು ಮಾತ್ರ ವೈದ್ಯರೇ. ಆ ಕೆಲಸವನ್ನು ಅವರು ಕೈಬಿಟ್ಟರೆ ಅವರ ಪರವಾಗಿ ತೆರಿಗೆ ಇಲಾಖೆ ಲೆಕ್ಕ ಬರೆಯುತ್ತದೆ, ಅದೂ ತನಗೆ ತೋಚಿದಂತೆ.