ಗಡಿಪಾರಿಗೆ ಮುನ್ನ

ಆಶ್ರಯ ಬೇಡಿ ಬಂದವನ ಕೋರಿಕೆ ನ್ಯಾಯವಾಗಿ ತಿರಸ್ಕೃತವಾದರೆ ಅವನನ್ನು ಹಿಂದಕ್ಕೆ ಕಳುಹಿಸುವ ಅಧಿಕಾರ ರಾಜ್ಯಕ್ಕೆ ಉಂಟು. ಆದರೆ ಹೋದೆಡೆಯಲ್ಲಿ ಸೆರೆಯೋ ಸಾವೋ ಕಾದಿದ್ದರೆ? ಪ್ರಾಣಕ್ಕೂ ಸ್ವಾತಂತ್ರ್ಯಕ್ಕೂ ಅಪಾಯವಿರುವಲ್ಲಿಗೆ ನಿರಾಶ್ರಿತನನ್ನು ತಳ್ಳಕೂಡದೆಂದು 1951ರ ಜಿನೀವಾ ಒಪ್ಪಂದ ವಿಧಿಸಿದೆ. 1969ರಲ್ಲಿ ಅದಕ್ಕೆ ಸೇರಿದ ಕೆನಡಾ, 2002ರಲ್ಲಿ ಜಾರಿಗೆ ಬಂದ ತನ್ನ ವಲಸೆ ಕಾನೂನಿನಲ್ಲಿ, ಗಡಿಪಾರಿಗೆ ಮುನ್ನ ಅಪಾಯವನ್ನು ತೂಗಿ ನೋಡುವ ಏರ್ಪಾಡೊಂದನ್ನು ಮಾಡಿತು. ಏರ್ಪಾಡು ಒಳ್ಳೆಯದೇ, ಹೊಸ್ತಿಲು ಮಾತ್ರ ಎತ್ತರವಾಗಿದೆ.

ಮೊದಲನೆಯದಾಗಿ, ಅರ್ಹನೆಂಬ ಸೂಚನೆ ಅಧಿಕಾರಿಗಳಿಂದ ಬಂದ ಮೇಲೆಯೇ ಅರ್ಜಿ. ಅದನ್ನು 15 ದಿನಗಳೊಳಗೆ ಸಲ್ಲಿಸಿದರೆ ತೀರ್ಮಾನವಾಗುವವರೆಗೆ ಗಡಿಪಾರು ನಿಲ್ಲುತ್ತದೆ. ಎರಡನೆಯದು 2012ರಲ್ಲಿ ಬಂದ ನಿಯಮ: ಆಶ್ರಯದ ಕೋರಿಕೆ ಕೊನೆಯದಾಗಿ ತಿರಸ್ಕೃತವಾದ ದಿನದಿಂದ 12 ತಿಂಗಳು ಕಳೆಯುವ ತನಕ ಸಾಮಾನ್ಯವಾಗಿ ಈ ಪರಿಶೀಲನೆಯೇ ಇಲ್ಲ. ಅಷ್ಟರಲ್ಲಿ ಅವನನ್ನು ವಿಮಾನ ಹತ್ತಿಸಲು ಈ ನಿಯಮದ ಅಡ್ಡಿಯಿಲ್ಲ; ಹತ್ತಿಸಬೇಕೆಂಬುದೇ ಅದರ ಉದ್ದೇಶವೆಂದರೂ ತಪ್ಪಾಗದು.

ಸರ್ಕಾರದ ವಾದ ಪೊಳ್ಳಲ್ಲ. ನಿನ್ನೆ ತೂಗಿದ್ದನ್ನು ಇಂದು ಮತ್ತೆ ತೂಗುವುದೇಕೆ ಎಂಬುದು ಅದರ ಪ್ರಶ್ನೆ. ಆದರೆ ಒಂದು ನಾಡಿನ ಸ್ಥಿತಿ ಪಂಚಾಂಗ ನೋಡಿಕೊಂಡು ಕೆಡುವುದಿಲ್ಲ. ದೇಶವೇ ಕದಡಿದಾಗ ಅಲ್ಲಿನ ಪ್ರಜೆಗಳಿಗೆ ಮಂತ್ರಿ ವಿನಾಯಿತಿ ಕೊಡಬಲ್ಲರು. ದೇಶ ಶಾಂತವಾಗಿದ್ದು, ಒಬ್ಬನ ಮನೆ ಬಾಗಿಲಿಗೆ ಮಾತ್ರ ಹಗೆ ಬಂದು ನಿಂತರೆ? ಗಡಿಪಾರನ್ನು ಮುಂದೂಡಿರೆಂದು ಅಧಿಕಾರಿಯನ್ನು ಬೇಡಬೇಕು; ಇಲ್ಲವೆ ಫೆಡರಲ್ ನ್ಯಾಯಾಲಯಕ್ಕೆ ಮೊರೆಯಿಡಬೇಕು. ‘ಸುರಕ್ಷಿತ’ವೆಂದು ಪಟ್ಟಿಯಾದ ದೇಶಗಳವರಿಗೆ ಒಮ್ಮೆ ಈ ಅವಧಿ 36 ತಿಂಗಳಾಗಿತ್ತು. 2019ರಲ್ಲಿ ಅದೇ ನ್ಯಾಯಾಲಯ ಆ ಭೇದವನ್ನು ಸಮಾನತೆಗೆ ವಿರುದ್ಧವೆಂದು ತಳ್ಳಿಹಾಕಿತು.

ಹೊಸ್ತಿಲು ದಾಟಿದವನೂ ಹೊಸ ಸಾಕ್ಷ್ಯವನ್ನಷ್ಟೇ ಒಡ್ಡಬಹುದು. ತೀರ್ಮಾನ ಬಹುಮಟ್ಟಿಗೆ ಕಾಗದದ ಮೇಲೆಯೇ ಆಗುತ್ತದೆ. ಇಲ್ಲಿ 1985ರ ಸಿಂಗ್ ಮೊಕದ್ದಮೆಯನ್ನು ನೆನೆಯಬೇಕು. ಅರ್ಜಿದಾರರಲ್ಲಿ ಭಾರತದಿಂದ ಹೋದ ಸಿಖ್ಖರಿದ್ದರು. ಮಾತನ್ನು ನಂಬುವ ಪ್ರಶ್ನೆ ಎದ್ದರೆ ಆಡಿದವನನ್ನು ಎದುರಿಗೆ ಕೂರಿಸಿ ಕೇಳಬೇಕೆಂಬ ತತ್ತ್ವವನ್ನು ಕೆನಡಾದ ಸರ್ವೋಚ್ಚ ನ್ಯಾಯಾಲಯ ಅಂದು ಎತ್ತಿಹಿಡಿಯಿತು. ಇಂದಿನ ನಿಯಮವೂ ನಂಬಿಕೆಯೇ ನಿರ್ಣಾಯಕವಾದಲ್ಲಿ ಮುಖತಃ ವಿಚಾರಣೆಗೆ ಎಡೆ ಕೊಡುತ್ತದೆ. ತೊಡಕು ಇರುವುದು ಮಾತಿನ ಜಾಣತನದಲ್ಲಿ. ‘ನಿನ್ನನ್ನು ನಂಬೆ’ ಎಂದರೆ ವಿಚಾರಣೆ ನಡೆಸಬೇಕಾದೀತು. ‘ಸಾಕ್ಷ್ಯ ಸಾಲದು’ ಎಂದರೆ ಕಡತ ಮುಚ್ಚಬಹುದು. ಎರಡನೆಯ ಮಾತಿನೊಳಗೆ ಮೊದಲನೆಯದು ಅಡಗಿದೆಯೇ ಎಂದು ಫೆಡರಲ್ ನ್ಯಾಯಾಲಯ ಪದೇ ಪದೇ ಬಿಡಿಸಿ ನೋಡಬೇಕಾಗಿ ಬಂದಿದೆ.